ದೋನ್ ವಾರೊ ಇಟ್ಟ ಹೆಸರು

ಮೂವತ್ತೊಂದು ವರ್ಷ ತೊರೆಯೊನ್ ಊರಿನವರಿಗೆ ಎವರಿಸ್ತೊ ಕಾಂತುವಿನ ಮುಖ ನೋಡದೆ ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎಲ್ಲರಿಗೂ ಆತ ದೋನ್ ವಾರೊ. ಓದಿದ್ದು ಆರನೇ ಕ್ಲಾಸು. ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುತ್ತಿದ್ದವನನ್ನು ಅವನ ಗಂಟಲೇ ಟಿವಿಗೆ ತಂದು ನಿಲ್ಲಿಸಿತು. ಅವನ ಕಾರ್ಯಕ್ರಮದಲ್ಲಿ ಯಾರು ಬೇಕಾದರೂ ಹಾಡಬಹುದಿತ್ತು. ಚೆನ್ನಾಗಿ ಹಾಡಿದವರಿಗೆ ಮಿಕ್ಸಿ. ಕೆಟ್ಟದಾಗಿ ಹಾಡಿದವರಿಗೆ ಗಂಟೆ ಬಾರಿಸಿ ಒಂದು ಅಡ್ಡಹೆಸರು. ಜನರಿಗೆ ಹಾಡು ಯಾರಿಗೆ ಬೇಕಿತ್ತು ಬಿಡಿ, ಆ ಅಡ್ಡಹೆಸರಿಗಾಗಿಯೇ ಕಾಯುತ್ತಿದ್ದರು.

ಒಬ್ದುಲಿಯಾ ಗಾರ್ಸಾ ಬಂದಾಗ ಅವಳಿಗೆ ಹತ್ತೊಂಬತ್ತು. ಅಮ್ಮನ ಹುಟ್ಟುಹಬ್ಬಕ್ಕೆಂದು ಹಾಡಲು ನಿಂತಳು. ಹೆದರಿಕೆಗೆ ದನಿ ಒಡೆಯಿತು, ಕತ್ತು ಹಿಂದೆ ಮುಂದೆ ಆಡಿತು. ದೋನ್ ವಾರೊ ಗಂಟೆ ಬಾರಿಸಿ, ತೋಳುಗಳನ್ನು ರೆಕ್ಕೆಯಂತೆ ಬಡಿದು, "ಕೊಕ್ಕೊಕ್ಕೋ! ಬುಟ್ಟಿ ತನ್ರಪ್ಪೋ, ಹೇಂಟೆ ಮೊಟ್ಟೆ ಇಡ್ತಾ ಇದೆ!" ಎಂದ. ಊರು ಬಿದ್ದು ಬಿದ್ದು ನಕ್ಕಿತು. ಅವನು ಮರುದಿನವೇ ಮರೆತ.

ದೋನ್ ವಾರೊಗೆ ಅರವತ್ತೆಂಟು ತುಂಬಿದಾಗ ಕಾರ್ಯಕ್ರಮ ನಿಲ್ಲಿಸುವುದೆಂದಾಯಿತು. ಬೀಳ್ಕೊಡುಗೆಗೆಂದು ಹಳೆಯ ಟೇಪುಗಳನ್ನು ಹಾಕಿದರು. ಒಬ್ದುಲಿಯಾಳ ಸರದಿ ಬಂದಾಗ ಎಲ್ಲರೂ ನಕ್ಕರು. ದೋನ್ ವಾರೊನ ಕಣ್ಣಿಗೆ ಬಿದ್ದದ್ದು ಮಾತ್ರ ಆ ಹುಡುಗಿಯ ಕೈ. ಗಂಟೆ ಬಾರಿಸಿದ ಮೇಲೂ, ಹಾಡು ಮುಂದುವರಿಸು ಎನ್ನುತ್ತಾರೇನೋ ಎಂದು, ಅವಳು ಲಂಗದ ಅಂಚು ನೇವರಿಸುತ್ತ ನಿಂತೇ ಇದ್ದಳು. ಥೂ, ಎಂಥ ಪಾಪಿ ನಾನು ಎನಿಸಿತು ಅವನಿಗೆ.

ಟೇಪಿನಲ್ಲಿ ಅವಳು ಹೇಳಿದ್ದ ಹೆಸರು, ವಿಳಾಸ ಹಿಡಿದು ಹುಡುಕಿಕೊಂಡು ಅವಳ ಕೇರಿಗೆ ಹೋದ. ಕ್ಷೌರದಂಗಡಿಯವನು ತಲೆ ಕೆರೆದುಕೊಂಡ. "ಒಬ್ದುಲಿಯಾನಾ? ಆ ಹೆಸರಿನೋರು ಇಲ್ಲಿ ಯಾರೂ ಇಲ್ವಲ್ಲ ದೋನ್ ವಾರೊ."

ಇನ್ನೂ ಮೂರು ಕಡೆ ಕೇಳಿದ. ಕೊನೆಗೆ ಕ್ಷೌರದಂಗಡಿಗೇ ವಾಪಸು ಬಂದು, ನಾಚಿಕೆ ನುಂಗಿಕೊಂಡು, "ಹೇಂಟೆ ಅಂತ..." ಎಂದ.

"ಓಹೋ, ಹೇಂಟೆ! ಹಾಗನ್ನಿ ಮತ್ತೆ! ಆ ಮೂಲೇಲಿ ಗೊರ್ದಿತಾ ರೊಟ್ಟಿ ಬೇಯಿಸ್ತಾಳೆ ನೋಡಿ."

ಅವನು ಹತ್ತಿರ ಹೋಗಿ ಮಾತಾಡಿಸಿದಾಗ ಅವಳು ತಲೆ ಎತ್ತದೆ ದನಿಯಿಂದಲೇ ಗುರುತಿಸಿದಳು. ಜೋಳದ ಹಿಟ್ಟು ತಟ್ಟುವ ಕೈ ನಿಲ್ಲಲಿಲ್ಲ.

"ತಪ್ಪಾಯ್ತು ಸೆನ್ಯೋರಾ. ಕ್ಷಮಿಸಿಬಿಡಿ."

"ಕ್ಷಮಿಸಿದ್ರೆ ನಿಮಗೆ ನಿದ್ದೆ ಬರುತ್ತೆ, ನನಗೇನ್ ಬಂತು? ನನ್ ಮಕ್ಕಳನ್ನ ಸ್ಕೂಲಲ್ಲಿ ಕೋಳಿಮರಿ ಅಂತಿದ್ರು. ಅಮ್ಮನ್ನ ಮಣ್ಣು ಮಾಡೋವಾಗ್ಲೂ ಹಿಂದೆ ಯಾರೋ 'ಹೇಂಟೆಯ ಅಮ್ಮ' ಅಂದ್ರು. ನನ್ ಹೆಸರು ಟಿವೀಲಿ ಹೋಯ್ತು ದೋನ್ ವಾರೊ. ಟಿವೀಲೇ ವಾಪಸ್ ತಂದ್ಕೊಡಿ."

"ಖಂಡಿತ," ಎಂದ. ಮನಸಾರೆ ಎಂದ.

ಕೊನೆಯ ಕಾರ್ಯಕ್ರಮದಲ್ಲಿ ಅವಳು ನೀಲಿ ಉಡುಪು ತೊಟ್ಟು ಮೊದಲ ಸಾಲಿನಲ್ಲಿ ಕೂತಿದ್ದಳು. ದೋನ್ ವಾರೊ ಗಂಟೆಯನ್ನು ಪಕ್ಕಕ್ಕಿಟ್ಟ. "ನಾನು ಒಬ್ಬರ ಹೆಸರು ಕಿತ್ಕೊಂಡಿದ್ದೆ. ಅವರ ಹೆಸರು ಒಬ್ದುಲಿಯಾ ಗಾರ್ಸಾ. ಇವತ್ತಿಂದ ಎಲ್ರೂ ಹಾಗೇ ಕರೀಬೇಕು," ಎಂದ. ಅವಳು ಎದ್ದು ನಿಂತಳು, ಮುಖ ಅರಳಿತ್ತು.

ಹಿಂದಿನ ಸಾಲಿನಿಂದ ಯಾರೋ ಮುದುಕ ಕೂಗಿದ: "ಕೊಕ್ಕೊಕ್ಕೋ!"

ಸಭೆ ಹೋ ಎಂದು ನಕ್ಕಿತು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಜನ ನಕ್ಕರೆ ತಾನೂ ನಗುವುದು ಅವನ ಮೂವತ್ತೊಂದು ವರ್ಷದ ಕಸುಬು. ಹಾಳು ಬಾಯಿ, ಅವನನ್ನು ಕೇಳದೆಯೇ ಅಗಲವಾಗಿ ನಕ್ಕುಬಿಟ್ಟಿತು.

ಒಬ್ದುಲಿಯಾ ಅದನ್ನು ನೋಡಿದಳು. ಕೈಚೀಲ ಎತ್ತಿಕೊಂಡು ಹೊರಟುಹೋದಳು. ಕಾರ್ಯಕ್ರಮ ಮುಗಿಯಲು ಇನ್ನೂ ಹನ್ನೆರಡು ನಿಮಿಷವಿತ್ತು. ಅಷ್ಟನ್ನೂ ಅವನು ನಗುನಗುತ್ತಲೇ ನಡೆಸಿಕೊಟ್ಟ.