ಹುಣಸೆ ಬಿಡಿಸಿದ ಕೈ

ಕೊಳ್ಳೇಗಾಲದ ಸಂತೆಯಲ್ಲಿ ಹೊಸ ಹುಣಸೆಹಣ್ಣಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ತಲೆ ತಗ್ಗಿಸಿಕೊಂಡು ಮುಂದಿನ ಅಂಗಡಿಗೆ ಹೋಗುತ್ತೇನೆ. ನಮ್ಮ ಪಕ್ಕದ ಮನೆಯ ಲೇಸ್ ಅಕ್ಕ ನೆನಪಾಗುತ್ತಾರೆ...

ಮಿಷನ್ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದುತ್ತಲೇ ಲೇಸ್ ಹೆಣೆಯುವುದನ್ನು ಕಲಿತವರು ಅವರು. ಗಟ್ಟಿ ದಿಂಬಿಗೆ ಗುಂಡುಸೂಜಿ ಚುಚ್ಚಿ, ಪುಟ್ಟ ಮರದ ಕಡ್ಡಿಗಳಿಗೆ ಸುತ್ತಿದ ಬಿಳಿ ದಾರವನ್ನು ಅತ್ತಿಂದಿತ್ತ ಹಾಯಿಸಿ ಹೂವು, ಎಲೆ ಮೂಡಿಸುತ್ತಿದ್ದರು. ಅದಕ್ಕೆ ಬೆರಳು ನುಣ್ಣಗಿರಬೇಕು. ಚೂರು ಒರಟಾದರೂ ದಾರ ಸಿಕ್ಕಿ ಎಳೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಗದ್ದೆ ಕೆಲಸಕ್ಕೆ ಹೋದವರೇ ಅಲ್ಲ. ಯಂತ್ರದ ಲೇಸು ಅಂಗಡಿಗೆ ಬಂದಮೇಲೆ ಅವರದನ್ನು ಕೇಳುವವರಿಲ್ಲವಾಯಿತು. ಅಷ್ಟರಲ್ಲಿ ಒಂದು ಹುಡುಗಿಯರ ಶಾಲೆಯಲ್ಲಿ ಲೇಸ್ ಕಲಿಸುವ ಕೆಲಸ ಖಾಲಿ ಬಿತ್ತು. ಕಮಿಟಿಯವರ ಎದುರು ಹೆಣೆದು ತೋರಿಸಬೇಕು.

"ನಾಳೀಕೆ ದಿಂಬು ತಕಂಡು ಓಯ್ತೀನಿ ಕಣವ್ವ. ಇದೊಂದು ಸಿಕ್ಬುಟ್ರೆ ಇನ್ನೊಬ್ರ ಮುಂದೆ ಕೈಯೊಡ್ಡಂಗಿಲ್ಲ," ಎಂದು ನನಗೊಬ್ಬಳಿಗೇ ಹೇಳಿದ್ದರು.

ಅದೇ ದಿನ ಹನೂರಿನ ನಮ್ಮ ಮರಗಳ ಹುಣಸೆಹಣ್ಣು ಮೂಟೆಗಟ್ಟಲೆ ಬಂತು. ಓಡು ಒಡೆದು, ನಾರು ಕಿತ್ತು, ಬೀಜ ಬಿಡಿಸುವ ಕೆಲಸ ನನ್ನ ತಲೆಗೆ ಬಿತ್ತು. ಎಸ್ಸೆಸ್ಸೆಲ್ಸಿ ಹುಡುಗಿ ನಾನು. ಗೆಳತಿಯರ ಜೊತೆ ಸಿನಿಮಾಕ್ಕೆ ಹೋಗುವ ಚಪಲ. "ಲೇಸ್ ಅಕ್ಕ ಸುಮ್ನೆ ಕೂತವ್ರೆ, ಅವ್ರನ್ನೇ ಕರಿ" ಎಂದು ಅವ್ವನಿಗೆ ಹೇಳಿಬಿಟ್ಟೆ. ಅವರ ಬೆರಳು ಏನಾಗುತ್ತದೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ನಮ್ಮ ಬಾವಿಯ ನೀರು ಸೇದುತ್ತಿದ್ದವರು, ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಮೂಟೆಯ ಮುಂದೆ ಕೂರುವಾಗ ನನ್ನನ್ನೊಮ್ಮೆ ನೋಡಿದರು... ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಸಂಜೆ ಬಂದು ನೋಡಿದರೆ ಹುಣಸೆಯ ಹುಳಿಗೆ ಅವರ ಬೆರಳ ತುದಿಗಳೆಲ್ಲ ಬಿರಿದಿದ್ದವು. ಮರುದಿನ ಕಮಿಟಿಯ ಎದುರು ದಾರ ಮತ್ತೆ ಮತ್ತೆ ಸಿಕ್ಕಿಕೊಂಡಿತಂತೆ. ಕೆಲಸ ಬೇರೆಯವರ ಪಾಲಾಯಿತು.

"ಏನಾಯ್ತಮ್ಮೀ?" ಎಂದು ಅವ್ವ ಕೇಳಿದರೆ, "ಕೈ ನಡುಗ್ಬುಡ್ತು ಕಣಕ್ಕ," ಎಂದರು. ನಾನು ಅಲ್ಲೇ ನಿಂತು ಕೇಳಿಸಿಕೊಂಡೆ. ಥೂ, ಎಂಥವಳು ನಾನು!

ವರ್ಷದೊಳಗೆ ಅವರು ಅಜ್ಜೀಪುರದ ಅಣ್ಣನ ಮನೆ ಸೇರಿ ಕೂಲಿಗೆ ಹೋಗತೊಡಗಿದರು. ನಾನು ಯಳಂದೂರಲ್ಲಿ ಟೀಚರಾದೆ, ರಿಟೈರೂ ಆದೆ. ಹೋಗಿ ತಪ್ಪೊಪ್ಪಿಕೊಳ್ಳಬೇಕು, ಈ ರಜೆಗೆ, ಮುಂದಿನ ರಜೆಗೆ ಅಂದುಕೊಳ್ಳುತ್ತಲೇ...

ಕಳೆದ ತಿಂಗಳು ಕೊನೆಗೂ ಹೋದೆ. ಅಣ್ಣನ ಮಗಳು ಬಾಗಿಲು ತೆಗೆದಳು.

"ಅತ್ತೆ ತೀರೋಗಿ ಎರಡು ವರ್ಸ ಆಯ್ತು ಕಣ್ರಿ. ಕೊಳ್ಳೇಗಾಲದೋರು, ಟೀಚರ್ ಆಗಿದ್ದೋರು ನೀವೇನಾ? ನಮ್ ಪಕ್ಕದ್ಮನೆ ಉಡುಗಿ, ಬಂಗಾರದಂತೋಳು ಅಂತ ಎಲ್ರಿಗೂ ಯೇಳೋರು."

ಅವಳು ಕೊಟ್ಟ ಟೀ ಕುಡಿದೆ. ಹೇಳಲೆಂದು ಹೋದದ್ದನ್ನು ಅಲ್ಲೂ ಹೇಳಲಿಲ್ಲ. ಆ ಮನೆಯಲ್ಲಾದರೂ ನನ್ನ ಹೆಸರು ಕೆಡದಿರಲಿ ಎಂದು ಬಸ್ಸು ಹತ್ತಿ ಬಂದುಬಿಟ್ಟೆ.