ಮದುಮಗನ ಚಾಕಿಗೆ ಬಿದ್ದ ಗೀರು

ಮೊಮ್ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಮ್ಮ ಓಣಿಗೆಲ್ಲ ಸೇರಿ ಮದುಮಗನ ಚಾಕು ಒಂದೇ ಇತ್ತು, ಅದು ನಮ್ಮ ಮನೆಯಲ್ಲಿತ್ತು. ಸಂಪಗಾಂವದ ಹತ್ತಿರದ ನಮ್ಮ ಊರಿನಲ್ಲಿ ಅರಿಶಿನ ಹಚ್ಚಿದ ಗಳಿಗೆಯಿಂದ ಅಕ್ಕಿಕಾಳು ಬೀಳುವ ತನಕ ಮದುಮಗನು ಕೈಯಲ್ಲೊಂದು ಚಾಕು ಹಿಡಿದಿರಬೇಕು, ಅದರ ತುದಿಗೊಂದು ನಿಂಬೆಹಣ್ಣು ಚುಚ್ಚಿರಬೇಕು. ಯಾರ ದೃಷ್ಟಿಯೂ ತಾಗಬಾರದೆಂದು ಹಾಗೆ. ಉಣ್ಣುವಾಗಲೂ ಮಲಗುವಾಗಲೂ ಅದು ಅವನ ಜೊತೆಗೇ ಇರುತ್ತಿತ್ತು.

ನಮ್ಮ ಚಾಕು ಅಪ್ಪನ ಅಜ್ಜನ ಕಾಲದ್ದು. ಹಿತ್ತಾಳೆಯ ಹಿಡಿ, ಗೇಣುದ್ದದ ಅಲಗು. ತಗಡಿನ ಡಬ್ಬಿಯಲ್ಲಿ ಹತ್ತಿ ಹಾಸಿ ಅದನ್ನು ಮಲಗಿಸಿಡುತ್ತಿದ್ದರು. ಚಾಕು ಮದುವೆ ಮನೆಗೆ ಹೋದಕೂಡಲೇ ಹಿರಿಯ ಮುತ್ತೈದೆಯೊಬ್ಬಳು ಅದನ್ನು ಮದುಮಗನ ಮುಖದೆದುರು ಹಿಡಿಯುತ್ತಿದ್ದಳು. ಅಲಗಿನಲ್ಲಿ ಅವನ ಮುಖ ಕಾಣಬೇಕು. ಗೀರಿದ್ದರೆ ಮುಖದ ಮೇಲೆ ಗೆರೆ ಎಳೆದಂತೆ ಕಾಣುತ್ತದೆ, ಅದು ಶುಭವಲ್ಲ ಎಂಬ ನಂಬಿಕೆ. ಹಿಂದೊಮ್ಮೆ ಯಾವುದೋ ಊರಿನ ಚಾಕನ್ನು ಹಾಗೆಯೇ ತಿರುಗಿ ಕಳಿಸಿದ್ದರಂತೆ. ಅಪ್ಪ ಆ ಕತೆಯನ್ನು ನಮಗೆ ಎಷ್ಟೋ ಸಲ ಹೇಳಿದ್ದರು.

ನಿಂಬೆಹುಳಿಗೆ ಚಾಕು ಪ್ರತಿ ಮದುವೆಯಲ್ಲೂ ಕಪ್ಪಾಗಿ, ಮೊಂಡಾಗಿ ಮರಳುತ್ತಿತ್ತು. ಮುಂದಿನ ಮದುವೆಗೆ ಕೊಡುವ ಮೊದಲು ಮನೆಯಲ್ಲೇ ಮಸೆಯಬೇಕು. ಅಲಗಿನ ಬಾಯಿ ಹರಿತವಾಗಬೇಕು, ಮೈಗೆ ಒಂದು ಗೆರೆಯೂ ಬೀಳಬಾರದು. ಅದಕ್ಕಾಗಿ ಅಪ್ಪ ಮಾಡುತ್ತಿದ್ದ ಕೆಲಸ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಜೋಳದ ಹಿಟ್ಟನ್ನು ನೀರಿನಲ್ಲಿ ಕುದಿಸಿ ಅಂಟು ಮಾಡುತ್ತಿದ್ದರು. ಹಳೆಯ ಧೋತರದಿಂದ ಎರಡು ಪಟ್ಟಿ ಹರಿದು, ಅಲಗಿನ ಎರಡೂ ಮಗ್ಗುಲಿಗೆ ಅಂಟಿಸಿ, ಬಾಯಿಯನ್ನು ಮಾತ್ರ ದಾರದಷ್ಟು ಅಗಲ ಬರಿದಾಗಿ ಬಿಡುತ್ತಿದ್ದರು. ಆಮೇಲೆ ಮಾಳಿಗೆಯ ಬಿಸಿಲಿನಲ್ಲಿ ಒಣಗಲು ಇಡುವುದು. ಉಗುರಿನಿಂದ ಬಡಿದರೆ ಟಿಕ್ ಟಿಕ್ ಎನ್ನುವಷ್ಟು ಪಟ್ಟಿ ಗಟ್ಟಿಯಾಗಬೇಕು. ಸವದತ್ತಿ ಸಂತೆಯಿಂದ ತಂದ ನುಣುಪಾದ ಸಾಣೆಕಲ್ಲನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಮೂರು ಸಲ ತೊಳೆದು, ಅಂಗೈಯಿಂದ ಸವರಿ ನೋಡುತ್ತಿದ್ದರು. ಉಸುಕಿನ ಒಂದೇ ಒಂದು ಕಾಳು ಉಳಿದರೂ ಅಲಗು ಕೆಟ್ಟಿತೆಂದೇ ಲೆಕ್ಕ.

ಅಪ್ಪನ ಕಣ್ಣು ಮಂದವಾದ ಮೇಲೆ ಈ ಕೆಲಸ ಅಕ್ಕನ ಪಾಲಿಗೆ ಬಂತು. ಅಕ್ಕ ಆಗ ಹತ್ತನೆಯ ತರಗತಿಯಲ್ಲಿದ್ದಳು. ನಮ್ಮ ಮನೆತನದಲ್ಲಿ ಅಲ್ಲಿಯತನಕ ಓದಿದ ಹೆಣ್ಣುಮಕ್ಕಳು ಯಾರೂ ಇರಲಿಲ್ಲ. ಅವಳ ಬಲಗೈ ತೋರುಬೆರಳಿನ ಮೇಲೆ ಯಾವಾಗಲೂ ನೀಲಿ ಶಾಯಿಯ ಕಲೆ ಇರುತ್ತಿತ್ತು. ಓಣಿಯವರ ಪತ್ರಗಳನ್ನೆಲ್ಲ ಅವಳೇ ಬರೆದುಕೊಡುತ್ತಿದ್ದಳು. ಅಪ್ಪ ಅವಳಿಗೆ ಮಾತು ಕೊಟ್ಟಿದ್ದರು: "ಪರೀಕ್ಷಾ ಪಾಸಾಗು, ಬೈಲಹೊಂಗಲ ಕಾಲೇಜಿಗೆ ಹಾಕತೇನಿ. ಮಂದಿ ಏನರ ಅನ್ನಲಿ." ಆ ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು.

ಕಬ್ಬು ಕಡಿಯುವ ಕಾಲ ಅದು. ಗಾಳಿಯಲ್ಲಿ ಗಾಣದ ಹೊಗೆಯ ಸಿಹಿ ವಾಸನೆ ತುಂಬಿತ್ತು. ಹಿಂದಿನ ಸಾಲಿನ ಮನೆಯಲ್ಲಿ ಮದುವೆ. ಸಂಜೆಗೆ ಅರಿಶಿನ. ಅವ್ವ ಬೆಳಿಗ್ಗೆಯೇ ರೊಟ್ಟಿ ಬಡಿಯಲು ಆ ಮನೆಗೆ ಹೋಗಿದ್ದಳು. ಅಪ್ಪ ಬೆಲ್ಲ ಮಾರಲು ಬೈಲಹೊಂಗಲ ಪೇಟೆಗೆ ಹೊರಟವರು ಹೊಸಲಿನಲ್ಲಿ ನಿಂತು ಅಕ್ಕನಿಗೆ ಹೇಳಿದರು. "ಅವಸರ ಮಾಡಬ್ಯಾಡ. ಅರಿವಿ ಒಣಗೂಮಟಾ ಕಲ್ಲ ಮುಟ್ಟಬ್ಯಾಡ." ಬಟ್ಟೆಯ ಪಟ್ಟಿಗಳನ್ನು ಅಕ್ಕ ಹಿಂದಿನ ದಿನವೇ ಅಂಟಿಸಿ ಒಣಗಲು ಇಟ್ಟಿದ್ದಳು, ಈಗ ಬಡಿದು ನೋಡಿದರೆ ಟಿಕ್ ಟಿಕ್ ಎನ್ನುತ್ತಿದ್ದವು. ಕಲ್ಲು ತೊಳೆಯುವುದೊಂದೇ ಉಳಿದಿತ್ತು. ಆ ಕೆಲಸವನ್ನು ಅಕ್ಕ ನನಗೆ ಹೇಳಿದಳು.

ನಾನು ಕಲ್ಲನ್ನು ಹಿತ್ತಲಿಗೆ ಒಯ್ದೆ. ಆದರೆ ನನ್ನ ಕಿಸೆಯಲ್ಲಿ ಒಡೆದ ಹಂಚಿನ ಚೂರೊಂದಿತ್ತು. ಅದನ್ನು ದುಂಡಗೆ ತಿಕ್ಕಿದರೆ ಕುಂಟಾಟಕ್ಕೆ ಒಳ್ಳೆಯ ಬಿಲ್ಲೆಯಾಗುತ್ತಿತ್ತು. ಅಂಥ ನುಣುಪಾದ ಕಲ್ಲು ಇನ್ನೆಲ್ಲಿ ಸಿಗಬೇಕು. ಕುಳಿತು ತಿಕ್ಕಿದೆ. ಬಿಲ್ಲೆ ಚಂದ್ರನಂತೆ ದುಂಡಗಾಯಿತು. ಕಲ್ಲಿನ ಮೇಲೆ ಕೆಂಪು ರಾಡಿಯಾಯಿತು. ಒಂದು ತಂಬಿಗೆ ನೀರು ಸುರಿದು, ಮೇಲಿನ ಕೆಂಪು ಹೋದ ಮೇಲೆ ಕಲ್ಲನ್ನು ಅಕ್ಕನ ಮುಂದೆ ತಂದಿಟ್ಟೆ.

"ತೊಳದಿ?" ಎಂದಳು ಅಕ್ಕ.

"ಹೂಂ. ಮೂರ ಸಲ."

ಅಕ್ಕ ಮಣೆಯ ಮೇಲೆ ಕುಳಿತು, ಕಲ್ಲಿಗೆ ನೀರು ಚಿಮುಕಿಸಿ ಮಸೆಯತೊಡಗಿದಳು. ಒದ್ದೆ ಕಲ್ಲಿನ ಮೇಲೆ ಅಲಗು ಓಡುವ ಸದ್ದು ಬೆಕ್ಕು ಹಾಲು ನೆಕ್ಕುವ ಸದ್ದಿನಂತೆ ಮೆತ್ತಗಿರುತ್ತದೆ. ನಾಲ್ಕು ಸಲ ಹಾಗೆಯೇ ಇತ್ತು. ಐದನೆಯ ಸಲ ಕರ್ರ್ ಎಂದಿತು. ಅಕ್ಕನ ಕೈ ನಿಂತಿತು. ಹಂಚಿನ ಹರಳು ಪಟ್ಟಿಯ ಅಂಚನ್ನು ಹರಿದು ಒಳಗೆ ಹೊಕ್ಕಿತ್ತು. ಅವಳು ಎರಡೂ ಪಟ್ಟಿಗಳನ್ನು ನೆನೆಸಿ ಬಿಡಿಸಿದಳು. ಅಲಗಿನ ನಡುವಿನಿಂದ ತುದಿಯ ತನಕ ಬೆರಳುದ್ದದ ಗೀರು. ಆಮೇಲೆ ಅವಳು ಕಲ್ಲನ್ನು ಅಂಗೈಯಿಂದ ಸವರಿದಳು. ಅಂಗೈ ಕೆಂಪಾಗಿತ್ತು.

"ಮೂರ ಸಲ?" ಎಂದು ಕೇಳಿದಳು. ಬೈಯಲಿಲ್ಲ. ನಾನು ಅಳತೊಡಗಿದೆ. "ಅತ್ರ ಗೀರ ಹೋಗತೈತೇನ? ಮಾರಿ ಒರಸ್ಕೊ. ಒಲಿಯೊಳಗಿನ ಬೂದಿ ತಗೊಂಡ ಬಾ, ಜರಡಿ ಹಿಡದು."

ಸೀರೆಯ ಚೂರಿನಲ್ಲಿ ಸೋಸಿದ ಬೂದಿಗೆ ಕುಸುಬಿ ಎಣ್ಣೆಯ ಹನಿ ಸೇರಿಸಿ, ಅಕ್ಕ ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ತಿಕ್ಕಿದಳು. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು. ಗೀರು ಕೂದಲಿನಷ್ಟಾಯಿತು, ಆಮೇಲೆ ಕಾಣದಾಯಿತು. ಕಲ್ಲನ್ನು ಈ ಸಲ ಅವಳೇ ತೊಳೆದಳು. ಮತ್ತೆ ಅಂಟು ಕಾಯಿಸಿ, ಹೊಸ ಪಟ್ಟಿ ಅಂಟಿಸಿ, ಚಾಕನ್ನು ನನ್ನ ಕೈಯಿಂದಲೇ ಮಾಳಿಗೆಗೆ ಕಳಿಸಿದಳು.

ಅಷ್ಟರಲ್ಲಿ ಮದುಮಗನ ಸೋದರಮಾವ ಬಾಗಿಲಿಗೆ ಬಂದ. ಬಾಯಿತುಂಬ ಎಲೆಯಡಿಕೆ, ಹೆಗಲ ಮೇಲೆ ಹೊಸ ಟವೆಲ್ಲು.

"ಏನವಾ, ಚಾಕು ತಯಾರಾತೇನ? ಅಲ್ಲಿ ಮದಮಗಾ ಬರೇ ನಿಂಬಿಹಣ್ಣ ಹಿಡಕೊಂಡ ಕುಂತಾನ, ಸರಬತ್ತ ಮಾರಾಂವನಂಗ."

"ಅಷ್ಟ ಅವಸರಿದ್ರ ಒಂದ ಚಮಚಾ ಕೊಡತೇನಿ ಮಾವಾ, ಕಲಸಕೋತ ಕುಂದ್ರಲಿ," ಎಂದಳು ಅಕ್ಕ.

ಅವನು ನಕ್ಕು, "ಅರ್ಧಾ ತಾಸಿಗೆ ಬರತೇನಿ, ತಯಾರ ಇಡು" ಎಂದು ಹೋದ. ಅಕ್ಕ ನನ್ನನ್ನು ಮಾಳಿಗೆಗೆ ಓಡಿಸಿದಳು. "ಎರಡೂ ಮಗ್ಗಲ ಒಣಗೇತೇನ ನೋಡು. ಹಸಿ ಇದ್ರ ಅಲ್ಲೇ ಇರಲಿ, ಮಾವ ಕಾಯಲಿ."

ನಾನು ಮುಟ್ಟಿ ನೋಡಿದೆ. ಬಿಸಿಲಿನ ಕಡೆಗಿದ್ದ ಮಗ್ಗುಲು ಒಣಗಿತ್ತು. ಹೊರಳಿಸಿದೆ. ಕೆಳಗಿನ ಪಟ್ಟಿ ತಣ್ಣಗಿತ್ತು, ಬೆರಳಿಗೆ ಅಂಟು ಹತ್ತಿತು. ಅದನ್ನು ಲಂಗಕ್ಕೆ ಒರೆಸಿಕೊಂಡೆ. ದೂರದ ದಾರಿಯಲ್ಲಿ ಚಕ್ಕಡಿಯೊಂದು ಬರುತ್ತಿತ್ತು. ಅಪ್ಪನೇ ಬಂದರೇನೋ ಅನ್ನಿಸಿತು. ಅಪ್ಪ ಬರುವುದರೊಳಗೆ ಚಾಕು ಮನೆಯಿಂದ ಹೋಗಿಬಿಟ್ಟರೆ ಕಲ್ಲಿನ ವಿಷಯ ಯಾರಿಗೂ ತಿಳಿಯುವುದಿಲ್ಲ. ಕೆಳಗಿಳಿದು ಅಕ್ಕನ ಕೈಗೆ ಚಾಕು ಕೊಟ್ಟು, "ಒಣಗೇತಿ" ಎಂದೆ.

ಮೊದಲ ಮಗ್ಗುಲನ್ನು ಅಕ್ಕ ಬಲಗೈಯಲ್ಲಿ ಹಿಡಿ ಹಿಡಿದು, ಎಡಗೈ ಬೆರಳಿನಿಂದ ಅಲಗನ್ನು ಅದುಮಿ ಮಸೆದಳು. ಏನೂ ಆಗಲಿಲ್ಲ. ಇನ್ನೊಂದು ಮಗ್ಗುಲಿಗೆ ಬಂದಾಗ ಕೈ ಬದಲಿಸಬೇಕು. ಹಿಡಿ ಎಡಗೈಗೆ ಬಂತು, ಬಲಗೈ ಬೆರಳುಗಳು ಅಲಗಿನ ಮೇಲೆ ಕುಳಿತವು. ಅವಳು ಅದುಮಿ ಮುಂದಕ್ಕೆ ನೂಕಿದಳು. ಹಸಿ ಪಟ್ಟಿ ಅಲಗಿನಿಂದ ಜಾರಿತು. ಅದರ ಜೊತೆಗೆ ಬೆರಳುಗಳೂ ಜಾರಿದವು.

ಆ ಗಳಿಗೆ ನನ್ನೊಳಗೆ ಇಂದಿಗೂ ಮುಗಿದಿಲ್ಲ. ಸಾರು ಒಗ್ಗರಿಸುವಾಗ, ಬಸ್ಸಿನಲ್ಲಿ ಕುಳಿತಾಗ, ಸುಮ್ಮನೆ ಇರುವಾಗ ಅದು ಮೊದಲಿನಿಂದ ಶುರುವಾಗುತ್ತದೆ. ಪಟ್ಟಿ ಜಾರುತ್ತದೆ. ನಾನು ಪ್ರತಿ ಸಲವೂ ತಡೆಯಲು ಹೋಗುತ್ತೇನೆ, ಪ್ರತಿ ಸಲವೂ ತಡವಾಗುತ್ತದೆ.

ಅಕ್ಕ ಕೈಯನ್ನು ಮುಖದ ಹತ್ತಿರ ಹಿಡಿದು, ಸಣ್ಣ ಅಕ್ಷರ ಓದುವವಳಂತೆ ನೋಡಿದಳು. ಕಲ್ಲಿನ ಸುತ್ತಲಿನ ನೀರು ಕೆಂಪಾಗುತ್ತ ಹೋಯಿತು. ಚಾಕು ಅವಳ ತೊಡೆಯಿಂದ ನೆಲದತ್ತ ಜಾರುತ್ತಿತ್ತು. "ಚಾಕು ಹಿಡಿ," ಎಂದಳು. "ನೆಲಕ್ಕ ತಾಗಿ ಗೀರ ಬಿದ್ದೀತು."

ನಾನು ಹಿಡಿದೆ. ಹಿಡಿದು, ಪಟ್ಟಿ ಬಿಡಿಸಿ, ಒರೆಸಿ, ಡಬ್ಬಿಯ ಹತ್ತಿಯ ಮೇಲೆ ಇಟ್ಟು ಮುಚ್ಚಿದೆ. ಮಕ್ಕಳೇ, ಅದಾದ ಮೇಲೆ ನಾನು ಜನರನ್ನು ಕರೆಯಲು ಓಡಿದೆ.

ಓಣಿಯ ತುದಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಂತಿತ್ತು. ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ನೆರೆಮನೆಯವರು ಅದನ್ನು ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಒಯ್ಯಲು ಹೊರಟಿದ್ದರು. ನನ್ನ ಮಾತು ಪೂರ್ತಿ ಕೇಳುವ ಮೊದಲೇ ಅವರು ಕೆಳಗೆ ಹಾರಿ, ಟ್ರೇಲರಿನ ಕೊಂಡಿ ಬಿಚ್ಚಿ, ಕಬ್ಬನ್ನು ರಸ್ತೆಯಲ್ಲೇ ಬಿಟ್ಟು ಎಂಜಿನ್ನನ್ನು ನಮ್ಮ ಬಾಗಿಲಿಗೆ ತಂದರು. ತಮ್ಮ ತಲೆಯ ರುಮಾಲು ಬಿಚ್ಚಿ ಅಕ್ಕನ ಕೈಗೆ ಬಿಗಿಯಾಗಿ ಸುತ್ತಿ, "ಕೈ ಮ್ಯಾಲ ಹಿಡಿ ಬೇಟಾ, ಕೆಳಗ ಬಿಡಬ್ಯಾಡ" ಎಂದರು. ಹಿಟ್ಟಿನ ಕೈಯಲ್ಲೇ ಓಡಿಬಂದ ಅವ್ವ ಅಕ್ಕನನ್ನು ತಬ್ಬಿ ಹಿಡಿದು ಕುಳಿತಳು. ಟ್ರ್ಯಾಕ್ಟರ್ ಬೈಲಹೊಂಗಲದ ದಾರಿ ಹಿಡಿಯಿತು. ರುಮಾಲಿನ ಕೈ ಧೂಳಿನ ಮೇಲೆ ಬಹಳ ಹೊತ್ತು ಕಾಣುತ್ತಿತ್ತು.

ಸೋದರಮಾವ ತಲೆ ತಗ್ಗಿಸಿ ಬಂದ. ಅವನ ಬಾಯಲ್ಲಿ ಈಗ ಎಲೆಯೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. ನಾನು ಡಬ್ಬಿ ಕೊಟ್ಟೆ. ಚಾಕಿನ ಮೇಲೆ ಗೀರಿರಲಿಲ್ಲ. ಮದುವೆ ನಡೆಯಿತು.

ಡಾಕ್ಟರು ಹೊಲಿಗೆ ಹಾಕಿ ಕೈ ಉಳಿಸಿದರು. ಆದರೆ ತೋರುಬೆರಳು ಮತ್ತು ನಡುಬೆರಳು ಮತ್ತೆಂದೂ ಮಡಚಲು ಬರಲಿಲ್ಲ. ಪೇಟೆಯಲ್ಲಿ ಸುದ್ದಿ ತಿಳಿದು ಆಸ್ಪತ್ರೆಗೆ ಓಡಿಬಂದ ಅಪ್ಪ ಹೇಗಾಯಿತೆಂದು ಕೇಳಿದಾಗ, "ನಂದ ತಪ್ಪ ಅಪ್ಪಾ. ಅವಸರ ಮಾಡಿದೆ" ಎಂದಳಂತೆ ಅಕ್ಕ. ಮರುದಿನ ಮನೆಗೆ ಬಂದಾಗಲೂ ಅದನ್ನೇ ಹೇಳಿದಳು. ನಾನು ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ. ಅಪ್ಪ ಬದುಕಿರುವತನಕ ಬಂದವರಿಗೆಲ್ಲ "ಶಾಣ್ಯಾ ಹುಡುಗಿ, ಅವಸರದಾಗ ಕೈ ಕಳಕೊಂಡ್ಳು" ಎಂದು ನಿಟ್ಟುಸಿರು ಬಿಡುತ್ತಿದ್ದರು. ನಾನು ಒಮ್ಮೆಯೂ ಬಾಯಿ ಬಿಡಲಿಲ್ಲ.

ಅಕ್ಕ ಎರಡು ತಿಂಗಳು ನನ್ನ ಪಾಟಿಯ ಮೇಲೆ ಎಡಗೈಯಿಂದ ಬರೆಯಲು ಕಲಿತಳು. ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಪಾಠವೆಲ್ಲ ಬಾಯಿಗೆ ಬರುತ್ತಿತ್ತು, ಕೈ ಮಾತ್ರ ಹಿಂದುಳಿಯುತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಪಾಟಿಯನ್ನು ಗೋಡೆಗೆ ಒರಗಿಸಿ, "ನಾ ಹೋಗೂದಿಲ್ಲ ಅಪ್ಪಾ" ಎಂದಳು. ಎರಡು ವರ್ಷದ ಮೇಲೆ ಅವಳನ್ನು ರಾಮದುರ್ಗದ ಕಡೆ ಸಾಲಹಳ್ಳಿಗೆ ಕೊಟ್ಟರು. ಅವಳಿಗೆ ಕೊಟ್ಟ ಮಾತನ್ನು ಅಪ್ಪ ನನ್ನ ಪಾಲಿಗೆ ನಡೆಸಿದರು. ಬೈಲಹೊಂಗಲ ಕಾಲೇಜಿಗೆ ಹೋದವಳು ನಾನು.

ಹೋದ ಭಾನುವಾರ ನೀವಿಬ್ಬರೂ ಮೊಬೈಲ್ ನೋಡಿಕೊಂಡು ಅಡುಗೆಮನೆಯ ಚಾಕಿಗೆ ಗೀರು ಬೀಳದಂತೆ ಟೇಪ್ ಅಂಟಿಸಿ ಮಸೆಯುತ್ತಿದ್ದಿರಿ. ನಾನು ಚಾಕು ಕಸಿದುಕೊಂಡು ಚೀರಿದೆ. ಆಯಿಗೆ ಏನಾಯಿತೆಂದು ನೀವು ಬೆರಗಾಗಿ ನೋಡಿದಿರಿ. ನಿಮ್ಮ ತಪ್ಪೇನೂ ಇರಲಿಲ್ಲ. ನಿಮ್ಮ ಟೇಪ್ ಒಣಗಲು ಬಿಸಿಲು ಬೇಡ, ನಿಮ್ಮ ಚಾಕಿಗೆ ಗೀರು ಬಿದ್ದರೆ ಯಾರೂ ಅದನ್ನು ತಿರುಗಿಸಿ ಕಳಿಸುವುದಿಲ್ಲ. ಬಿದ್ದರೆ ಬೀಳಲಿ. ಇಷ್ಟು ವರ್ಷ ಬಚ್ಚಿಟ್ಟ ಮಾತನ್ನು ನಿಮಗೆ ಹೇಳಬೇಕೆನಿಸಿದ್ದು ಆ ಚಾಕಿನಿಂದಲ್ಲ, ಅದೇ ದಿನ ಊಟಕ್ಕೆ ಕುಳಿತಾಗ ನೀವು ಹೇಳಿದ ಸುದ್ದಿಯಿಂದ. ನಿಮ್ಮ ಶಾಲೆಯ ಹುಡುಗನೊಬ್ಬನ ಕೈ ಮುರಿದಿತ್ತಂತೆ. ಪರೀಕ್ಷೆಯಲ್ಲಿ ಅವನು ಬಾಯಿಂದ ಹೇಳುತ್ತ ಹೋದನಂತೆ, ಕೆಳಗಿನ ತರಗತಿಯ ಹುಡುಗಿಯೊಬ್ಬಳು ಪಕ್ಕದಲ್ಲಿ ಕುಳಿತು ಬರೆದುಕೊಟ್ಟಳಂತೆ. ಅವನು ಪಾಸಾದನಂತೆ. ಅದೇನು ದೊಡ್ಡ ಮಾತಲ್ಲ ಎಂಬಂತೆ ಹೇಳಿ ನೀವು ಮಜ್ಜಿಗೆ ಕೇಳಿದಿರಿ. ನಾನು ಮಜ್ಜಿಗೆ ತಂದು ಬಡಿಸಿದೆ. ಅಂಥದ್ದೊಂದು ದಾರಿ ಇದೆಯೆಂದು ನಮ್ಮೂರಿನಲ್ಲಿ ಆಗ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ. ಕೇಳಿದ್ದರೆ, ಅಕ್ಕನ ಪಕ್ಕದಲ್ಲಿ ಕುಳಿತು ಬರೆಯಲು ಕೆಳಗಿನ ತರಗತಿಯ ಹುಡುಗಿಯೊಬ್ಬಳು ಅವಳ ಮನೆಯಲ್ಲೇ ಇದ್ದಳು.