ಟೀಚರಮ್ಮನ ನೀರು

ಉಬ್ರಾಣಿ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಹೆಸರು ಹೇಳುವುದಿಲ್ಲ; ಹೇಳಿದರೆ ಮೇಲಗೇರಿಯವರೂ ಕೆಳಗೇರಿಯವರೂ ನನ್ನ ಮೇಲೆ ಬೀಳುತ್ತಾರೆ. ಈ ವಯಸ್ಸಿನಲ್ಲಿ ಅದೊಂದು ಬೇಡ.

ಕಸ್ತೂರಮ್ಮ ಟೀಚರ್ ಜಗಳೂರಿನಿಂದ ಬಂದವರು. ಹೆಸರಿಗೆ ಜಗಳೂರು ಅವರದು, ಜಗಳದ ಊರು ಮಾತ್ರ ನಮ್ಮದು. ಬಂದಾಗ ಜೊತೆಯಲ್ಲಿ ಮಗಳು ಪೂರ್ಣಿ ಇದ್ದಳು, ನನ್ನದೇ ವಯಸ್ಸು. ಒಂದನೇ ಕ್ಲಾಸಿನಲ್ಲಿ ಒಂದೇ ಮಣೆಯ ಮೇಲೆ ಕೂತವರು ನಾವು. ಗಂಡ ನಾಗರಾಜಪ್ಪ ಜಗಳೂರಿನಲ್ಲಿ ಬಟ್ಟೆ ಅಂಗಡಿಯ ಗುಮಾಸ್ತ. ಆ ಸಂಬಳ ಅವರ ಬೀಡಿ ಕಾಫಿಗೇ ಸರಿಹೋಗುತ್ತಿತ್ತು, ಮನೆ ನಡೆಯುತ್ತಿದ್ದದ್ದು ಟೀಚರಮ್ಮನ ಸಂಬಳದಲ್ಲಿ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಕೆರೆ ತೂಬಿನ ನೀರಿನ ಪಾಳಿಗೆ ಹೊಡೆದಾಟವಾಯಿತು. ಮೇಲಗೇರಿಯ ಜಯಪ್ಪ ಗದ್ದೆಯ ಬದುವಿನ ಮೇಲೇ ಸತ್ತ. ಕೆಳಗೇರಿಯ ಗಂಡಸರು ಶಿವಮೊಗ್ಗ ಜೈಲಿಗೆ ಹೋದರು, ಅವರಲ್ಲಿ ನಮ್ಮಪ್ಪನೂ ಒಬ್ಬ. ಮೇಲಗೇರಿಯ ಯಜಮಾನ ಬೆನಕಪ್ಪ ಗುಡಿ ಮುಂದೆ ನಿಂತು ಆಣೆ ಮಾಡಿದರು. "ಕೆಳಗೇರಿ ಬಾವಿ ನೀರು ನಮ್ಮ ಮಕ್ಕಳ ಬಾಯಿಗೆ ಬಿದ್ರೆ ಅದು ಜಯಪ್ಪನ ರಕ್ತ ಕುಡಿದಂಗೆ," ಎಂದರು. ನಮ್ಮ ಕಡೆಯ ಹಾಲಸ್ವಾಮಿ ಸುಮ್ಮನಿರುತ್ತಾರೆಯೇ? ಅವರೂ ಮೇಲಗೇರಿ ಬಾವಿಯ ಮೇಲೆ ಆಣೆ ಮಾಡಿ ಮೀಸೆ ತಿರುವಿದರು.

ಆಮೇಲೆ ಊರು ಹಾಳಾಗಲು ತಡವಾಗಲಿಲ್ಲ. ಕಲ್ಲು ಬಿದ್ದ ಮೇಲೆ ಚನ್ನಗಿರಿ ಬಸ್ಸು ಊರೊಳಗೆ ಬರುವುದನ್ನು ಬಿಟ್ಟು ಕ್ರಾಸಿನಿಂದಲೇ ತಿರುಗತೊಡಗಿತು. ಹಿಟ್ಟಿನ ಗಿರಣಿ ಬೆನಕಪ್ಪನವರದು. ಅರ್ಧ ಊರು ಬೀಸಿಸಲು ಬರದೆ ಅದೂ ನಿಂತಿತು. ನಮಗೆ ಬರಬೇಕಿದ್ದ ಹಾಲಿನ ಡೈರಿ ಪಕ್ಕದ ಊರಿಗೆ ಹೋಯಿತು. ನಮ್ಮವ್ವ ಸಾವಂತ್ರಮ್ಮ ವಕೀಲರಿಗಾಗಿ ಎತ್ತು ಮಾರಿದಳು, ಅಣ್ಣ ಶಾಲೆ ಬಿಟ್ಟು ಕೂಲಿಗೆ ಹೋದ. ಇದನ್ನೆಲ್ಲ ಮಾನ ಉಳಿಸಿಕೊಳ್ಳುವುದು ಎಂದು ಗಂಡಸರು ಕರೆಯುತ್ತಿದ್ದರು.

ಟೀಚರಮ್ಮ ಆಗ ಮೇಲಗೇರಿಯಲ್ಲಿ ಬಾಡಿಗೆಗಿದ್ದರು. ಒಂದು ಸಂಜೆ ಅವರ ಹೆಂಚಿನ ಮೇಲೂ ಕಲ್ಲು ಬಿತ್ತು. ನಾಗರಾಜಪ್ಪ ಬಂದು, "ಈ ಊರಾಗೆ ನನ್ನ ಮಗಳನ್ನ ಬಿಡಂಗಿಲ್ಲ," ಎಂದು ಪೂರ್ಣಿಯನ್ನು ಕರೆದುಕೊಂಡು ಹೋದರು. ನೌಕರಿ ಬಿಟ್ಟರೆ ಒಲೆ ಉರಿಯುವುದಿಲ್ಲ, ಹಾಗಾಗಿ ತಾಯಿ ಇಲ್ಲೇ ಉಳಿದರು.

ಶಾಲೆ ಖಾಲಿಯಾಗಿತ್ತು. ಕುಡಿಯುವ ಗಡಿಗೆಗೆ ಯಾವ ಕೇರಿಯ ನೀರು ತುಂಬಿದರೂ ಇನ್ನೊಂದು ಕೇರಿಯವರು ಮಕ್ಕಳನ್ನು ಕಳಿಸರು. "ಎರಡು ಗಡಿಗೆ ಇಡ್ರಿ ಟೀಚರಮ್ಮ," ಎಂದಳು ನಮ್ಮವ್ವ.

"ಎರಡು ಗಡಿಗೆ ಇಟ್ರೆ ಸಾಲೀನೂ ಎರಡಾಗ್ತೈತೆ ಸಾವಂತ್ರಮ್ಮ."

ಅವರು ಮೇಲಗೇರಿಯ ಮನೆ ಖಾಲಿ ಮಾಡಿ ಶಾಲೆಯ ಹಿಂದಿನ ಕೋಣೆಗೆ ಬಂದರು. ದಿನಾ ಬೆಳಗ್ಗೆ ಕೆರೆಯಂಗಳದ ಒರತೆಯಿಂದ ತಾವೇ ಕೊಡ ಹೊತ್ತು ತಂದು, ಸೋಸಿ ಗಡಿಗೆಗೆ ತುಂಬಿದರು. ಆಣೆ ಇದ್ದದ್ದು ಬಾವಿಗಳ ಮೇಲೆ. ಒರತೆಗೆ ಕೇರಿ ಇಲ್ಲ. ಒಬ್ಬೊಬ್ಬರಾಗಿ ಮಕ್ಕಳು ಬಂದರು. ನಮ್ಮ ಬಾಯಲ್ಲಿ ಅದು ಟೀಚರಮ್ಮನ ನೀರು ಎಂದೇ ಆಯಿತು.

ಮಗಳ ಹತ್ತಿರ ಹೋಗಬೇಕೆಂದು ಅವರು ಜಗಳೂರಿಗೆ ವರ್ಗ ಕೇಳುತ್ತಲೇ ಇದ್ದರು. ಒಮ್ಮೆ ಆರ್ಡರ್ ಬಂತು. ಹೋಗಲು ಬಿಟ್ಟರೆ ಕೆಳಗೇರಿಯವರು ಓಡಿಸಿ ಗೆದ್ದಂತಾಗುತ್ತದೆಂದು ಬೆನಕಪ್ಪ ಚನ್ನಗಿರಿಗೆ ಹೋಗಿ ಅದನ್ನು ತಪ್ಪಿಸಿದರು. ಮತ್ತೊಮ್ಮೆ ಬಂತು, ಮೇಲಗೇರಿಯವರು ಗೆದ್ದಂತಾಗುತ್ತದೆಂದು ಹಾಲಸ್ವಾಮಿ ತಪ್ಪಿಸಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಕೂಸು ಬಡವಾದದ್ದು ಜಗಳೂರಿನಲ್ಲಿ. ರಜೆಗೆ ಹೋದಾಗಲೆಲ್ಲ ಅತ್ತೆ, "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಬಾಗಿಲಲ್ಲೇ ಸ್ವಾಗತ ಮಾಡುತ್ತಿದ್ದರಂತೆ.

ಎಂಬತ್ತಮೂರರಲ್ಲಿ ಆ ಅತ್ತೆಗೆ ಲಕ್ವ ಹೊಡೆಯಿತು. ನಾಗರಾಜಪ್ಪ ಶಾಲೆಗೇ ಬಂದು ನಮ್ಮೆದುರೇ ಹೇಳಿದರು: "ನೀನು ಬಾ, ಇಲ್ಲಾಂದ್ರೆ ಪೂರ್ಣಿನ್ನ ಸಾಲಿ ಬಿಡಿಸ್ತೀನಿ. ಅವ್ವನ್ನ ನೋಡ್ಕೊಳಾಕೆ ಯಾರಾದ್ರೂ ಬೇಕಲ್ಲ."

ಟೀಚರಮ್ಮ ಕಂಡಕಂಡವರ ಕಾಲು ಹಿಡಿದು ಮೂರನೇ ಸಲ ಆರ್ಡರ್ ತಂದರು. ಟ್ರಂಕು ಕಟ್ಟಿ ಕ್ರಾಸಿಗೆ ಹೋದರು. ಕಳಿಸಲು ನಾನೂ ಅವ್ವನೂ ಹೋಗಿದ್ದೆವು. ಅಲ್ಲಿ ಬೆನಕಪ್ಪ, ಹಾಲಸ್ವಾಮಿ ಒಂದೇ ಆಲದ ನೆರಳಲ್ಲಿ ನಿಂತಿದ್ದರು. ಐದು ವರ್ಷದಲ್ಲಿ ಅವರಿಬ್ಬರನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಇಬ್ಬರೂ ಹಿಂದಿನ ದಿನವೇ ಚನ್ನಗಿರಿ ಆಫೀಸಿಗೆ ಹೋಗಿ, ಟೀಚರಮ್ಮನನ್ನು ಬಿಡಬೇಡಿ ಎಂದು ಕೂಡಿಯೇ ಹೇಳಿ ಬಂದಿದ್ದರು. ಎರಡೂ ಪಾರ್ಟಿ ಒಂದಾಗಿ ಬಂದರೆ ಆಫೀಸಿನವರು ಇಲ್ಲ ಎನ್ನುತ್ತಾರೆಯೇ? ಆರ್ಡರ್ ರದ್ದಾಗಿತ್ತು.

ಬೆನಕಪ್ಪ ಕೈ ಮುಗಿದರು. "ಹೊಸಬರು ಬಂದ್ರೆ ಯಾವುದಾದ್ರೂ ಒಂದು ಬಾವಿ ನೀರು ಕುಡೀಲೇಬೇಕಲ್ರೀ ತಾಯಿ. ಅವತ್ತೇ ಮತ್ತೆ ಶುರುವಾಗ್ತೈತೆ. ನೀವು ಒರತೆ ನೀರು ಹೊರಾಕೆ ನಿಂತ ಮೇಲೆ ಊರಾಗೆ ಇನ್ನೊಂದು ಹೆಣ ಬಿದ್ದಿಲ್ಲ."

"ನನ್ನ ಮಗಳು ಸಾಲಿ ಬಿಡ್ತಾಳೆ ಬೆನಕಪ್ಪ," ಎಂದರು ಟೀಚರಮ್ಮ.

"ನಮ್ಮ ಮಕ್ಕಳೂ ನಿಮ್ಮ ಮಕ್ಕಳೇ ಅಲ್ಲೇನ್ರೀ," ಎಂದರು ಹಾಲಸ್ವಾಮಿ.

ಟೀಚರಮ್ಮ ಯಾರ ಮೇಲೂ ದನಿ ಎತ್ತಿದವರಲ್ಲ. ಅವತ್ತು ಎತ್ತಿದರು. "ಹಂಗಾದ್ರೆ ಇಬ್ಬರೂ ಊರಿಗೆ ನಡೀರಿ. ನಿಮ್ಮ ಬಾವಿ ನೀರು ಅವರು ಕುಡೀಲಿ, ಅವರ ಬಾವೀದು ನೀವು ಕುಡೀರಿ. ಒಂದೊಂದು ಬೊಗಸೆ ಸಾಕು. ಆಮೇಲೆ ನಿಮಗೆ ಯಾವ ಟೀಚರ್ ಬಂದ್ರೂ ನಡೀತೈತೆ."

ಬೆನಕಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. ಹಾಲಸ್ವಾಮಿ ಬಸ್ಸು ಬಂತೇನೋ ಎಂದು ರಸ್ತೆ ಕಡೆ ತಿರುಗಿದರು. ಟೀಚರಮ್ಮನನ್ನು ಹಿಡಿದಿಡಲು ಒಂದಾದವರಿಗೆ ಒಂದು ಬೊಗಸೆ ನೀರಿಗೆ ಒಂದಾಗಲು ಆಗಲಿಲ್ಲ, ಥೂ. ಬಸ್ಸು ಬಂತು, ನಿಂತಿತು. ಕಂಡಕ್ಟರ್ "ಹತ್ರೀ ಅಮ್ಮ," ಎಂದ. ಹತ್ತಿದರೆ ನೌಕರಿ ಹೋಗುತ್ತದೆ, ಊರಲ್ಲಿ ಮತ್ತೆ ಕೊಡಲಿ ಏಳುತ್ತದೆ, ಹತ್ತದಿದ್ದರೆ ಪೂರ್ಣಿ. ಅಡಕತ್ತರಿಯ ಬಾಯಲ್ಲಿ ಸಿಕ್ಕ ಅಡಿಕೆಯ ಸ್ಥಿತಿ ಅವರದು. ಬಸ್ಸು ಹೋಯಿತು. ಟ್ರಂಕಿನ ಒಂದು ಹಿಡಿಯನ್ನು ಮೇಲಗೇರಿಯವನೊಬ್ಬ, ಇನ್ನೊಂದನ್ನು ಕೆಳಗೇರಿಯವನೊಬ್ಬ ಹಿಡಿದು ವಾಪಸ್ಸು ತಂದರು. ಊರಲ್ಲಿ ಶಾಂತಿ ಬಂತು ಎಂದು ಎಲ್ಲರೂ ಹೇಳಿದ್ದು ಅದನ್ನೇ.

ಆ ತಿಂಗಳೇ ಪೂರ್ಣಿಯನ್ನು ಆರನೇ ಕ್ಲಾಸಿನಿಂದ ಬಿಡಿಸಿದರು.

ಎಂಬತ್ತನಾಲ್ಕರಲ್ಲಿ ನಮ್ಮೂರಿನಿಂದ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಎರಡೂ ಕೇರಿಯ ಹುಡುಗಿಯರು ಒಂದೇ ಎತ್ತಿನಗಾಡಿಯಲ್ಲಿ ಹೋದೆವು. ಎಲ್ಲರೂ ಪಾಸಾದೆವು. ನಮ್ಮ ಮನೆಯಲ್ಲಿ ಅಷ್ಟು ಓದಿದ್ದು ನಾನೇ ಮೊದಲು. ಅವ್ವ ಕೊಟ್ಟ ಬೆಲ್ಲ ಹಿಡಿದು ಶಾಲೆಗೆ ಓಡಿದೆ. ಟೀಚರಮ್ಮ ಬೆಲ್ಲ ತೆಗೆದುಕೊಂಡು ನನ್ನ ತಲೆ ಸವರಿದರು. ಕೈ ಅಲ್ಲೇ ನಿಂತಿತು.

"ನಿಮ್ಮ ಜೊತೆ ಪೂರ್ಣಿದೂ ಈ ವರ್ಷವೇ ಆಗ್ತಿತ್ತು ಕಣೆ," ಎಂದರು.